ಬ್ಯಾಕ್‌ಗ್ರೌಂಡ್‌ನಲ್ಲಿ ಫೋಟೊ ಅಪ್‌ಲೋಡ್: ಬರೀ ಚಕ್ರ ತಿರುಗಿಸಿದರೆ ಜನ ಆ್ಯಪ್ ಮುಚ್ಚಿಬಿಡುತ್ತಾರೆ, ಏನು ತೋರಿಸಬೇಕು?

ತೋಟದ_ಕೋಡರ್:
ಎಲ್ಲರಿಗೂ ನಮಸ್ಕಾರ. ಆಂಡ್ರಾಯ್ಡ್ ಬಲ್ಲವರ ಸಲಹೆ ಬೇಕಿತ್ತು.

ಅಡಿಕೆ ತೋಟದ ಸರ್ವೆಗೆ ಒಂದು ಆ್ಯಪ್ ಮಾಡುತ್ತಿದ್ದೇವೆ. ಎಲೆಚುಕ್ಕಿ ರೋಗ ಎಲ್ಲೆಲ್ಲಿ ಎಷ್ಟು ಹರಡಿದೆ ಅಂತ ಸಿಬ್ಬಂದಿ ತೋಟ ತೋಟ ಸುತ್ತಿ ಫೋಟೊ ತೆಗೆಯುತ್ತಾರೆ. ಒಂದು ತೋಟಕ್ಕೆ ಇಪ್ಪತ್ತು, ಇಪ್ಪತ್ತೈದು ಫೋಟೊ. ಜೊತೆಗೆ ಒಂದು ಫಾರ್ಮ್. ಕೊನೆಗೆ 'ಕಳುಹಿಸಿ' ಒತ್ತಿದರೆ ಎಲ್ಲವೂ ಸರ್ವರ್‌ಗೆ ಹೋಗಬೇಕು. ಕೆಲಸ ನಡೆಯುವುದು ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆ. ಅಲ್ಲಿನ ನೆಟ್‌ವರ್ಕ್ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ.

ಈಗ ಇರುವುದು ಇಷ್ಟು. ಬಟನ್ ಒತ್ತಿದ ಕೂಡಲೇ ಪರದೆ ಮಸುಕಾಗುತ್ತದೆ, ನಡುವೆ ಒಂದು ಚಕ್ರ, ಕೆಳಗೆ 'ದಯವಿಟ್ಟು ನಿರೀಕ್ಷಿಸಿ'. ಜನ ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಬ್ಯಾಕ್ ಒತ್ತುತ್ತಾರೆ, ಆ್ಯಪ್ ಅನ್ನು ರೀಸೆಂಟ್ಸ್‌ನಿಂದ ಮೇಲಕ್ಕೆ ತಳ್ಳಿಬಿಡುತ್ತಾರೆ, ಮತ್ತೆ ತೆರೆದು ಮತ್ತೆ ಕಳುಹಿಸುತ್ತಾರೆ. ಸರ್ವರ್‌ನಲ್ಲಿ ಒಂದೇ ತೋಟ ಮೂರು ಮೂರು ಸಲ ಬಂದು ಕೂತಿದೆ, ಪ್ರತಿ ಸಲವೂ ಅರ್ಧಂಬರ್ಧ. ಅಪ್‌ಲೋಡ್ ಕೋಡ್ ಸದ್ಯಕ್ಕೆ ವ್ಯೂಮಾಡೆಲ್‌ನ (ಒಂದು ಸ್ಕ್ರೀನ್‌ನ ಡೇಟಾ ಹಿಡಿದಿಡುವ ಭಾಗ) ಕೊರೊಟೀನ್‌ನಲ್ಲಿದೆ (ಹಿನ್ನೆಲೆಯಲ್ಲಿ ಓಡುವ ಕೆಲಸ).

ಪರ್ಸೆಂಟೇಜ್ ತೋರಿಸಬೇಕಾ, ಫೋಟೊ ಎಣಿಕೆ ಸಾಕಾ, ನೋಟಿಫಿಕೇಶನ್‌ನಲ್ಲಿ ಹಾಕಬೇಕಾ? ಕ್ಲೈಂಟ್ ಮಾತ್ರ 'ಒಂದು ಚೆಂದದ ಅನಿಮೇಶನ್ ಹಾಕಿ ಸಾಕು' ಅನ್ನುತ್ತಿದ್ದಾರೆ.

ಬಗ್_ಬಸಣ್ಣ:
ಅಡಿಕೆ ಎಲೆ ಬೀಳುವ ಅನಿಮೇಶನ್ ಹಾಕಿ. ಕ್ಲೈಂಟ್ ಖುಷ್.

ಕೋಟ್ಲಿನ್_ಕಿಟ್ಟಿ:
ತೋರಿಸುವ ಪ್ರಶ್ನೆ ಆಮೇಲೆ. ಮೊದಲು ಅಪ್‌ಲೋಡ್ ಅನ್ನು ವ್ಯೂಮಾಡೆಲ್‌ನಿಂದ ಹೊರಗೆ ತೆಗೆಯಿರಿ. ಬ್ಯಾಕ್ ಒತ್ತಿ ಆ ಸ್ಕ್ರೀನ್ ಹೋದರೆ ವ್ಯೂಮಾಡೆಲ್ ಕ್ಲಿಯರ್ ಆಗುತ್ತದೆ, ಅದರ ಸ್ಕೋಪ್‌ನಲ್ಲಿರುವ ಕೊರೊಟೀನ್‌ಗಳೆಲ್ಲ ಕ್ಯಾನ್ಸಲ್. ನಿಮ್ಮ ಜನ ಬ್ಯಾಕ್ ಒತ್ತಿದಾಗಲೇ ಅಪ್‌ಲೋಡ್ ಸತ್ತಿದೆ. ಅದಕ್ಕೇ ಅರ್ಧಂಬರ್ಧ ಸೆಟ್.

ವರ್ಕ್‌ಮ್ಯಾನೇಜರ್‌ಗೆ ಕೊಡಿ, ಸ್ಕ್ರೀನ್ ಹೋದರೂ ಕೆಲಸ ಮುಂದುವರಿಸುವ ಆಂಡ್ರಾಯ್ಡ್ ಲೈಬ್ರರಿ ಅದು. ಅದರಲ್ಲಿ ಕೆಲಸ ಮಾಡುವ ಕೊರೊಟೀನ್‌ವರ್ಕರ್ ಒಳಗೆ, ಎಷ್ಟು ಆಯಿತು ಅಂತ ಹೇಳುವ ಸೆಟ್‌ಪ್ರೋಗ್ರೆಸ್ ಇದೆ. ಸ್ಕ್ರೀನ್ ಕಡೆಯಿಂದ ವರ್ಕ್‌ಇನ್ಫೊ (ಆ ಕೆಲಸದ ಸ್ಥಿತಿ) ಅಬ್ಸರ್ವ್ ಮಾಡಿದರೆ ಸಂಖ್ಯೆ ತಾನಾಗೇ ಬರುತ್ತದೆ. ತೋಟದ ಐಡಿಯನ್ನೇ ಹೆಸರಾಗಿಟ್ಟು ಯೂನಿಕ್ ವರ್ಕ್ ಮಾಡಿ, ಪಾಲಿಸಿ 'ಕೀಪ್' ಇರಲಿ. ಅವರು ಎಷ್ಟು ಸಲ ಒತ್ತಿದರೂ ಮೊದಲಿನದೇ ಓಡುತ್ತದೆ, ಎರಡನೆಯದು ಸೇರುವುದಿಲ್ಲ. ಡೂಪ್ಲಿಕೇಟ್ ಕಾಟದಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

ಹಳೇಹುಲಿ:
ನಮ್ಮ ಕಾಲದಲ್ಲಿ ಹಿನ್ನೆಲೆ ಕೆಲಸಕ್ಕೆ ಅಸಿಂಕ್‌ಟಾಸ್ಕ್ ಅಂತ ಒಂದಿತ್ತು. ಪಬ್ಲಿಷ್‌ಪ್ರೋಗ್ರೆಸ್ ಅಂತ ಕರೆದರೆ ಆನ್‌ಪ್ರೋಗ್ರೆಸ್‌ಅಪ್‌ಡೇಟ್‌ಗೆ ಬರುತ್ತಿತ್ತು. ಜೊತೆಗೊಂದು ಪ್ರೋಗ್ರೆಸ್‌ಡೈಲಾಗ್. ಮುಗೀತು. ಈಗ ಒಂದು ಗೆರೆ ಮುಂದಕ್ಕೆ ಸರಿಸಲು ನಾಲ್ಕು ಲೈಬ್ರರಿ ಬೇಕು.

ಕೋಟ್ಲಿನ್_ಕಿಟ್ಟಿ:
> ಜೊತೆಗೊಂದು ಪ್ರೋಗ್ರೆಸ್‌ಡೈಲಾಗ್. ಮುಗೀತು.

ಫೋನ್ ಅಡ್ಡ ತಿರುಗಿಸಿದರೆ ಅದೂ ಮುಗೀತು, ಅಲ್ವಾ ಸಾರ್? ಆ್ಯಕ್ಟಿವಿಟಿ (ಅಂದರೆ ಸ್ಕ್ರೀನ್) ಹೊಸದು, ಟಾಸ್ಕ್ ಹಳೆಯದು, ಡೈಲಾಗ್ ಯಾರದ್ದೋ. ಲೀಕ್, ಇಲ್ಲವೇ ಕ್ರ್ಯಾಶ್. ಪ್ರೋಗ್ರೆಸ್‌ಡೈಲಾಗ್ ಅನ್ನು 2017ರ ಆಂಡ್ರಾಯ್ಡ್ 8ರಲ್ಲೇ ಡೆಪ್ರಿಕೇಟ್ ಮಾಡಿದರು (ಇನ್ನು ಬಳಸಬೇಡಿ ಅಂದರು), ಅಸಿಂಕ್‌ಟಾಸ್ಕ್ ಅನ್ನು 2020ರ ಆಂಡ್ರಾಯ್ಡ್ 11ರಲ್ಲಿ. ಸುಮ್ನೆ ಮಾಡಲಿಲ್ಲ.

ಹಳೇಹುಲಿ:
ಅಡ್ಡ ತಿರುಗಿಸದಂತೆ ಲಾಕ್ ಮಾಡುತ್ತಿದ್ದೆವು. 😄

ಯುಐ_ಉಮಾ:
ಪರದೆ ಮಸುಕು ಮಾಡಿ ನಡುವೆ ಚಕ್ರ ಇಡುವುದೇ ಇಲ್ಲಿ ಮುಖ್ಯ ತೊಂದರೆ. ಬ್ಯಾಕ್‌ಗ್ರೌಂಡ್‌ನಲ್ಲಿ ನಡೆಯಬೇಕಾದ ಕೆಲಸಕ್ಕೆ ಪರದೆಯನ್ನು ಯಾಕೆ ಹಿಡಿದಿಡುತ್ತೀರಿ? 'ಇಲ್ಲೇ ಕಾಯಿ' ಅಂತ ಹೇಳಿದ ಹಾಗಾಯಿತು. ಕಾಯುವುದಕ್ಕೂ ಒಂದು ಮಿತಿ ಇದೆ. ಯೂಸಬಿಲಿಟಿ ತಜ್ಞ ಜಾಕೋಬ್ ನೀಲ್ಸನ್ ಹೇಳುವ ಮೂರು ಅಂಕಿ ಈಗಲೂ ಕೆಲಸಕ್ಕೆ ಬರುತ್ತವೆ: 0.1 ಸೆಕೆಂಡ್ ಒಳಗಾದರೆ ತಕ್ಷಣ ಆಯಿತು ಅನ್ನಿಸುತ್ತದೆ, 1 ಸೆಕೆಂಡ್‌ವರೆಗೆ ಯೋಚನೆ ಕಡಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ನಿಮ್ಮದು ಸೆಕೆಂಡಿನ ಲೆಕ್ಕವೇ ಅಲ್ಲ, ನಿಮಿಷದ ಲೆಕ್ಕ. ಅಲ್ಲಿ ಚಕ್ರಕ್ಕೆ ಕೆಲಸವೇ ಇಲ್ಲ. ಚಕ್ರ ನಿಂತ ಕೆಲಸಕ್ಕೂ ತಿರುಗುತ್ತದೆ, ಓಡುವ ಕೆಲಸಕ್ಕೂ ತಿರುಗುತ್ತದೆ.

ತೋಟಗಳ ಪಟ್ಟಿಗೆ ವಾಪಸ್ ಕಳಿಸಿ. ಪ್ರತಿ ತೋಟದ ಸಾಲಿನಲ್ಲಿ ಒಂದು ಸಣ್ಣ ಗೆರೆ, ಪಕ್ಕದಲ್ಲಿ '25ರಲ್ಲಿ 11 ಹೋಗಿದೆ'. ಅವರು ಮುಂದಿನ ತೋಟದ ಕೆಲಸ ಶುರು ಮಾಡಲಿ.

ಲೆಕ್ಕದ_ಮಂಜ:
ಎಣಿಕೆಗಿಂತ ಬೈಟ್ ಲೆಕ್ಕದ ಪರ್ಸೆಂಟೇಜ್ ಒಳ್ಳೆಯದು. ಒಂದು ಫೋಟೊ 5 ಎಂಬಿ, ಇನ್ನೊಂದು 1 ಎಂಬಿ ಇದ್ದರೆ ಎಣಿಕೆ ಮೋಸ ಮಾಡುತ್ತದೆ. ಮೇಲಾಗಿ ಜನಕ್ಕೆ ಶೇಕಡಾ ಇಷ್ಟ ಅನ್ನುವುದು ಹಳೆಯ ಸಂಗತಿ. ಕಂಪ್ಯೂಟರ್ ಸಂಶೋಧಕ ಬ್ರ್ಯಾಡ್ ಮೈಯರ್ಸ್ 1985ರಲ್ಲೇ ಪ್ರಯೋಗ ಮಾಡಿ ಪ್ರಬಂಧ ಬರೆದಿದ್ದಾರೆ, ಎಷ್ಟು ಶೇಕಡಾ ಮುಗಿದಿದೆ ಅಂತ ತೋರಿಸಿದರೆ ಬಳಸುವವರಿಗೆ ಅದೇ ಹಿತ ಅಂತ.

ಯುಐ_ಉಮಾ:
ಬೈಟ್ ಲೆಕ್ಕ ಸರಿ, ಆದರೆ ಯಾವ ಬೈಟ್? ಹೋದದ್ದಾ, ತಲುಪಿದ್ದಾ?

ನಿದ್ದೆಗೆಟ್ಟವ:
ಉಮಾ ಅವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡಿದ್ದೇನೆ.

ಸರ್ವರ್ ಜೊತೆ ಮಾತಾಡಲು ಓಕೆಎಚ್‌ಟಿಟಿಪಿ ಲೈಬ್ರರಿ ಬಳಸುತ್ತೀರಿ ಅಂದುಕೊಳ್ಳೋಣ. ಅಪ್‌ಲೋಡ್ ಪ್ರೋಗ್ರೆಸ್‌ಗೆ ಎಲ್ಲರೂ ಮಾಡುವುದು ಒಂದೇ: ರಿಕ್ವೆಸ್ಟ್‌ಬಾಡಿಯನ್ನು (ಕಳಿಸುವ ಡೇಟಾ) ಸುತ್ತಿ, ಅದನ್ನು ಬರೆಯುವ ರೈಟ್‌ಟು ಒಳಗೆ ಫಾರ್ವರ್ಡಿಂಗ್‌ಸಿಂಕ್ ಇಟ್ಟು ಬೈಟ್ ಎಣಿಸುವುದು. ಇದರಲ್ಲಿ ಮೂರು ಗುಂಡಿಗಳಿವೆ.

ಮೊದಲನೆಯದು, ನೀವು ಎಣಿಸುವುದು ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕದ ಫೋನ್ ಕಡೆಯ ತುದಿ) ಬರೆದ ಬೈಟ್. ಅದು ಫೋನಿನ ಬಫರ್‌ಗೆ ಹೋಗಿರುತ್ತದೆ, ಸರ್ವರ್‌ಗೆ ಹೋಗಿರಬೇಕಂತಿಲ್ಲ. ಚಿಕ್ಕ ಫೈಲ್ ಆದರೆ ಬಫರ್ ಒಮ್ಮೆಗೇ ನುಂಗಿಬಿಡುತ್ತದೆ. ಬಾರ್ ಥಟ್ ಅಂತ 100ಕ್ಕೆ ಜಿಗಿದು, ಆಮೇಲೆ ನಿಮಿಷಗಟ್ಟಲೆ ಅಲ್ಲೇ ನಿಲ್ಲುತ್ತದೆ. 2ಜಿ ಸಿಗ್ನಲ್‌ನಲ್ಲಿ ಇದು ಢಾಳಾಗಿ ಕಾಣುತ್ತದೆ. ಬಳಸುವವರಿಗೆ 100 ಅಂದರೆ ಮುಗಿಯಿತು. ಅವರು ಫೋನ್ ಆಫ್ ಮಾಡಿದರೆ ತಪ್ಪು ಅವರದ್ದಲ್ಲ.

ಎರಡನೆಯದು ಮಜವಾದದ್ದು. ಬಾರ್ ಸರ್ರನೆ 100ಕ್ಕೆ ಹೋಗುತ್ತದೆ, ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕೆಲವರ ಕೋಡ್‌ನಲ್ಲಿ 200% ಕೂಡ ಬರುತ್ತದೆ. ಕಾರಣ ಲಾಗಿಂಗ್ ಇಂಟರ್‌ಸೆಪ್ಟರ್, ಅಂದರೆ ಹೋಗುವ ಬರುವ ಡೇಟಾವನ್ನು ದಾಖಲಿಸುವ ಕೋಡ್! ಲೆವೆಲ್ 'ಬಾಡಿ' ಇಟ್ಟರೆ ಅದು ಲಾಗ್ ಬರೆಯಲು ಮೊದಲೇ ಒಮ್ಮೆ ಇಡೀ ಬಾಡಿಯನ್ನು ಓದುತ್ತದೆ. ನಿಮ್ಮ ರೈಟ್‌ಟು ಎರಡು ಸಲ ಓಡುತ್ತದೆ: ಮೊದಲ ಸಲ ಮೆಮೊರಿಗೆ, ಎರಡನೇ ಸಲ ನೆಟ್‌ವರ್ಕ್‌ಗೆ. ಜೊತೆಗೆ ಇಡೀ ಫೋಟೊ ಮೆಮೊರಿಯಲ್ಲಿ ಕೂರುತ್ತದೆ. ಲೆವೆಲ್ 'ಹೆಡರ್ಸ್'ಗೆ ಇಳಿಸಿ. ಬಾಡಿ ಬೇಕೇಬೇಕು ಅಂದರೆ ಎಣಿಸುವ ಸುತ್ತನ್ನು ಲಾಗಿಂಗ್ ಆದ ಮೇಲೆ, ನೆಟ್‌ವರ್ಕ್ ಇಂಟರ್‌ಸೆಪ್ಟರ್‌ನಲ್ಲಿ ಹಾಕಿ.

ಮೂರನೆಯದು ಡೌನ್‌ಲೋಡ್ ಕಡೆಯದು, ಆದರೂ ಹೇಳಿಬಿಡುತ್ತೇನೆ. ಓಕೆಎಚ್‌ಟಿಟಿಪಿ ತಾನಾಗೇ ಜಿಜಿಪ್ (ಕುಗ್ಗಿಸಿದ ಡೇಟಾ) ಕೇಳುತ್ತದೆ, ಬಂದದ್ದನ್ನು ತಾನೇ ಬಿಚ್ಚುತ್ತದೆ. ಬಿಚ್ಚಿದ ಮೇಲೆ ಕಂಟೆಂಟ್‌ಲೆಂಗ್ತ್ -1, ಅಂದರೆ ಗಾತ್ರ ಗೊತ್ತಿಲ್ಲ. ಭಾಗಿಸಿದರೆ ಮೈನಸ್ ಶೇಕಡಾ. 'ಆಕ್ಸೆಪ್ಟ್ ಎನ್‌ಕೋಡಿಂಗ್' ಹೆಡರ್‌ಗೆ 'ಐಡೆಂಟಿಟಿ' (ಕುಗ್ಗಿಸಬೇಡ) ಕೊಟ್ಟರೆ, ಸರ್ವರ್ ಗಾತ್ರ ಹೇಳಿದ್ದರೆ, ನಿಜವಾದ ಸಂಖ್ಯೆ ಸಿಗುತ್ತದೆ.

ಲೆಕ್ಕದ_ಮಂಜ:
ಅಯ್ಯೋ, ಆ 200% ನಮ್ಮಲ್ಲೂ ಬರುತ್ತಿದೆ. ಟೀಮಿನಲ್ಲಿ ಒಬ್ಬರು ಎರಡರಿಂದ ಭಾಗಿಸಿ ಸರಿ ಮಾಡಿದ್ದಾರೆ.

ಬಗ್_ಬಸಣ್ಣ:
ರಿಲೀಸ್ ಬಿಲ್ಡ್‌ನಲ್ಲಿ (ಜನರಿಗೆ ಕೊಡುವ ಆವೃತ್ತಿ) ಲಾಗಿಂಗ್ ಇರುವುದಿಲ್ಲವಲ್ಲ. ಅಲ್ಲಿ 50ಕ್ಕೇ ಮುಗಿಯುತ್ತದೆ. ಹಹಹ.

ಲೆಕ್ಕದ_ಮಂಜ:
...ಈಗಲೇ ಹೋಗಿ ನೋಡುತ್ತೇನೆ.

ಸರ್ವೆ_ಸಂಗಾತಿ:
ನಾನು ಪ್ರೋಗ್ರಾಮರ್ ಅಲ್ಲ. ಇಂಥ ಆ್ಯಪ್ ಹಿಡಿದುಕೊಂಡು ಊರೂರು ಸುತ್ತುವವನು. ಗೆಳೆಯ ಈ ಚರ್ಚೆಯ ಕೊಂಡಿ ಕಳಿಸಿದ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಬೈಟ್, ಶೇಕಡಾ ಅಂತ ಜಗಳ ಆಡುತ್ತಿದ್ದೀರಿ. ನಮಗೆ ಅದು ಯಾವುದೂ ಬೇಡ. 'ಕಳುಹಿಸಿ' ಒತ್ತಿದ ಮೇಲೆ ನಮ್ಮ ತಲೆಯಲ್ಲಿ ಇರುವುದು ಒಂದೇ: ಈಗ ಫೋನ್ ಜೇಬಿಗೆ ಹಾಕಿ ಗಾಡಿ ಸ್ಟಾರ್ಟ್ ಮಾಡಬಹುದಾ? ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಇರುವುದು ಗುಡ್ಡದ ತಿರುವಿನಲ್ಲೋ, ಶಾಲೆಯ ಕಟ್ಟೆಯ ಮೇಲೋ. ಅಲ್ಲಿ ಫೋನ್ ಎತ್ತಿ ಹಿಡಿದು ನಿಲ್ಲುತ್ತೇವೆ. ಚಕ್ರ ತಿರುಗುತ್ತಲೇ ಇರುತ್ತದೆ. ಪರದೆ ಆಫ್ ಆದರೆ ಏನಾಗುತ್ತದೋ ಅಂತ ಬೆರಳಿನಿಂದ ಮುಟ್ಟುತ್ತಾ ಇರುತ್ತೇವೆ. ಮಳೆಗಾಲದಲ್ಲಿ ಕೊಡೆ ಒಂದು ಕೈಯಲ್ಲಿ.

ಇನ್ನೊಂದು. 'ಯಶಸ್ವಿಯಾಗಿ ಕಳುಹಿಸಲಾಗಿದೆ' ಅಂತ ಬಂದ ಕೂಡಲೇ ನಾವೆಲ್ಲ ಸ್ಕ್ರೀನ್‌ಶಾಟ್ ಹೊಡೆಯುತ್ತೇವೆ. ಸೂಪರ್‌ವೈಸರ್ ಗುಂಪಿಗೆ ಹಾಕುತ್ತೇವೆ. ಯಾಕೆ? ನಾಳೆ 'ಬಂದಿಲ್ಲ' ಅಂದರೆ ಸಾಕ್ಷಿ ಬೇಕಲ್ಲ. ಆ ಮೆಸೇಜ್ ಎರಡು ಸೆಕೆಂಡ್ ಬಂದು ಮಾಯವಾದರೆ ಸ್ಕ್ರೀನ್‌ಶಾಟ್ ತಪ್ಪಿಹೋಗುತ್ತದೆ. ಆಗ ಏನು ಮಾಡುತ್ತೇವೆ? ಇನ್ನೊಂದು ಸಲ ಕಳಿಸುತ್ತೇವೆ, ಸ್ಕ್ರೀನ್‌ಶಾಟ್‌ಗೋಸ್ಕರ!

ತೋಟದ_ಕೋಡರ್:
ಇದು ನಮಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಟೋಸ್ಟ್ (ಪರದೆಯ ಮೇಲಿನ ಕಿರು ಸಂದೇಶ) ಇದೆ. ಬಂದು ಹೋಗುತ್ತದೆ. 🤦

ಯುಐ_ಉಮಾ:
ಸರ್ವೆ_ಸಂಗಾತಿ ಅವರಿಗೆ ದೊಡ್ಡ ಥ್ಯಾಂಕ್ಸ್. ಈ ಒಂದು ಪೋಸ್ಟ್ ಓದಿದ ಮೇಲೆ ಡಿಸೈನ್ ಬೇರೆ ಆಗಬೇಕು.

ಒತ್ತಿದ ತಕ್ಷಣ ಮೊದಲು ಹೇಳಬೇಕಾದದ್ದು ಶೇಕಡಾ ಅಲ್ಲ. 'ಫೋನ್‌ನಲ್ಲಿ ಉಳಿಸಿದೆ. ಸಿಗ್ನಲ್ ಸಿಕ್ಕಾಗ ತಾನಾಗೇ ಹೋಗುತ್ತದೆ. ನೀವು ಹೊರಡಬಹುದು.' ಇಷ್ಟು. ಆಮೇಲೆ ಪಟ್ಟಿಯಲ್ಲಿ ಸ್ಥಿತಿ: ಕಾಯುತ್ತಿದೆ, ಹೋಗುತ್ತಿದೆ, ತಲುಪಿದೆ, ನಿಂತಿದೆ. ಗೆರೆ ಬೇಕಾದರೆ 'ಹೋಗುತ್ತಿದೆ' ಅನ್ನುವಾಗ ಮಾತ್ರ. 'ತಲುಪಿದೆ' ಅನ್ನುವ ಕಡೆ ಸರ್ವರ್ ಕೊಟ್ಟ ರಸೀದಿ ಸಂಖ್ಯೆ, ದಿನಾಂಕ, ಗಂಟೆ. ಅದು ಮಾಯವಾಗಬಾರದು. ಸ್ಕ್ರೀನ್‌ಶಾಟ್ ಯಾವಾಗ ಬೇಕಾದರೂ ಹೊಡೆದುಕೊಳ್ಳಲಿ.

ಲೆಕ್ಕದ_ಮಂಜ:
ಶೇಕಡಾವನ್ನು ಪೂರ್ತಿ ಕೈಬಿಡುವುದು ನನಗೆ ಒಪ್ಪಿಗೆ ಇಲ್ಲ. ಗುಡ್ಡದ ತಿರುವಿನಲ್ಲಿ ನಿಂತಿರುವ ಮನುಷ್ಯನಿಗೆ 90% ಆಗಿದೆ ಅಂದರೆ ಇನ್ನೊಂದು ನಿಮಿಷ ನಿಲ್ಲುತ್ತಾನೆ, 5% ಅಂದರೆ ಹೊರಡುತ್ತಾನೆ. ಅವನ ನಿರ್ಧಾರಕ್ಕೆ ಅದು ಬೇಕು.

ಸರ್ವೆ_ಸಂಗಾತಿ:
ಮಂಜ ಅವರು ಹೇಳಿದ್ದೂ ಹೌದು. ಆದರೆ 99ರಲ್ಲಿ ನಿಂತುಬಿಟ್ಟರೆ ಬೈಗುಳ ತಿನ್ನುವುದು ನೀವು.

ಬೆಂಗ್ಳೂರ್_ಬೆಳಗು:
ಅಮ್ಮನ ಕುಕ್ಕರ್ ಯಾವತ್ತಾದರೂ ಶೇಕಡಾ ತೋರಿಸಿದೆಯಾ? ಮೂರು ಸೀಟಿ ಅಂದರೆ ಅನ್ನ ಆಯ್ತು. ಹಂತ ಹೇಳಿದರೆ ಸಾಕು ಅನ್ನುವುದು ನನ್ನ ಮತ. 'ಫೋಟೊ ಚಿಕ್ಕದು ಮಾಡುತ್ತಿದೆ', 'ಕಳುಹಿಸುತ್ತಿದೆ', 'ಸರ್ವರ್ ಪರಿಶೀಲಿಸುತ್ತಿದೆ'.

ಬಗ್_ಬಸಣ್ಣ:
ಗ್ಯಾಸ್ ಮುಗಿದರೆ ಸೀಟಿ ಬರುವುದಿಲ್ಲ ಸ್ವಾಮಿ. ಅದಕ್ಕೂ ಒಂದು ಮೆಸೇಜ್ ಬೇಕು.

ಕೋಟ್ಲಿನ್_ಕಿಟ್ಟಿ:
ಹಂತಗಳ ವಿಷಯ ಬಂತು, ಚೆನ್ನಾಗಿದೆ. ಆದರೆ ಹಂತ, ಸ್ಥಿತಿ ಇವನ್ನೆಲ್ಲ ವರ್ಕ್‌ಮ್ಯಾನೇಜರ್‌ನ ಪ್ರೋಗ್ರೆಸ್‌ನಲ್ಲಿ ಇಟ್ಟು ಕೂರಬೇಡಿ. ಸೆಟ್‌ಪ್ರೋಗ್ರೆಸ್ ವರ್ಕರ್ ಓಡುತ್ತಿರುವಾಗ ಮಾತ್ರ. ಮುಗಿದ ಮೇಲೆ ಕರೆದರೆ ಅದನ್ನು ಕಡೆಗಣಿಸುತ್ತದೆ. ಅದರ ಡೇಟಾಗೆ 10 ಕೆಬಿ ಮಿತಿಯೂ ಇದೆ. ಪ್ರತಿ ಫೋಟೊಗೆ ಫೋನ್ ಒಳಗಿನ ರೂಮ್ ಡೇಟಾಬೇಸ್‌ನಲ್ಲಿ ಒಂದು ಸಾಲು, ಅದರಲ್ಲಿ ಸ್ಥಿತಿ. ವರ್ಕರ್ ಆ ಸಾಲನ್ನು ತಿದ್ದುತ್ತದೆ, ಸ್ಕ್ರೀನ್ ಆ ಸಾಲನ್ನು ಓದುತ್ತದೆ. ಆ್ಯಪ್ ಸತ್ತು ಎದ್ದರೂ ಲೆಕ್ಕ ತಪ್ಪುವುದಿಲ್ಲ. ಬೈಟ್ ಶೇಕಡಾ ಒಂದನ್ನು ಮಾತ್ರ ಸೆಟ್‌ಪ್ರೋಗ್ರೆಸ್‌ನಲ್ಲಿ ಕಳಿಸಿ, ಅದು ಕಳೆದುಹೋದರೂ ನಷ್ಟ ಇಲ್ಲ.

ಮತ್ತೆ, ಒಂದು ವರ್ಕರ್‌ಗೆ ಸಾಮಾನ್ಯವಾಗಿ 10 ನಿಮಿಷ ಅಷ್ಟೇ. 25 ಫೋಟೊ ಒಂದೇ ವರ್ಕರ್‌ನಲ್ಲಿ ತುಂಬಬೇಡಿ. ಫೋಟೊಗೊಂದು ವರ್ಕ್ ಮಾಡಿ. ನಡುವೆ ನಿಂತರೂ ಒಂದು ಫೋಟೊ ಮಾತ್ರ ಮತ್ತೆ ಶುರುವಾಗುತ್ತದೆ.

ನಿದ್ದೆಗೆಟ್ಟವ:
ಒಂದು ಸೇರ್ಪಡೆ. ಯೂನಿಕ್ ವರ್ಕ್ ಫೋನ್ ಒಳಗಿನ ಡೂಪ್ಲಿಕೇಟ್ ತಡೆಯುತ್ತದೆ. ಆದರೆ ಫೋಟೊ ಸರ್ವರ್ ತಲುಪಿ, ಉತ್ತರ ವಾಪಸ್ ಬರುವಾಗ ಸಿಗ್ನಲ್ ಹೋದರೆ? ಫೋನ್ 'ಹೋಗಿಲ್ಲ' ಅಂದುಕೊಂಡು ಮತ್ತೆ ಕಳಿಸುತ್ತದೆ. ಫೋಟೊ ತೆಗೆದ ಕ್ಷಣದಲ್ಲೇ ಫೋನ್‌ನಲ್ಲಿ ಒಂದು ಯುಯುಐಡಿ (ಬೇರೆಲ್ಲೂ ಬರದ ಗುರುತು ಸಂಖ್ಯೆ) ಮಾಡಿ. ಸರ್ವರ್ ಆ ಐಡಿ ನೋಡಿ 'ಇದು ಆಗಲೇ ಇದೆ' ಅಂತ ಹೇಳಲಿ. ಬ್ಯಾಕೆಂಡ್‌ನವರು ಗೊಣಗುತ್ತಾರೆ, ಗೊಣಗಲಿ.

ಕರಾವಳಿ_ಕಾಪಿ:
ಸ್ವಲ್ಪ ವಿಷಯ ಬಿಟ್ಟು ಕೇಳುತ್ತೇನೆ. ಎಲೆಚುಕ್ಕಿಗೆ ಬೋರ್ಡೋ ದ್ರಾವಣ ಹೊಡೆದರೆ ಸಾಕಾ? ನಮ್ಮ ತೋಟದಲ್ಲೂ ಕಾಣಿಸಿದೆ.

ಸರ್ವೆ_ಸಂಗಾತಿ:
ಬೋರ್ಡೋ ಮುಖ್ಯವಾಗಿ ಕೊಳೆರೋಗಕ್ಕೆ, ಮಳೆಗಾಲಕ್ಕೆ ಮುಂಚೆ ಹೊಡೆಯುವುದು. ಎಲೆಚುಕ್ಕಿಗೆ ಬೇರೆ ಶಿಲೀಂಧ್ರನಾಶಕ ಹೇಳುತ್ತಾರೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತೀರಾ ರೋಗ ಬಂದ ಸೋಗೆ ಕಡಿದು ಸುಡುವುದನ್ನು ಮಾತ್ರ ಬಿಡಬೇಡಿ.

ಹಳೇಹುಲಿ:
ಸೋಗೆಯಿಂದ ಸಾಕೆಟ್‌ಗೆ ಬನ್ನಿ ಮಹನೀಯರೇ.

ಹುಬ್ಳಿ_ಹುಡುಗ:
ನೋಟಿಫಿಕೇಶನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ ರೀ. ನಾನು ಹೇಳುತ್ತೇನೆ, ಈ ಸಂಕಟ ಚೆನ್ನಾಗಿ ಉಂಡಿದ್ದೇನೆ.

ನೋಟಿಫಿಕೇಶನ್ ಬಿಲ್ಡರ್‌ನಲ್ಲಿ ಸೆಟ್‌ಪ್ರೋಗ್ರೆಸ್ ಅಂತ ಇನ್ನೊಂದಿದೆ, ಹೆಸರು ಒಂದೇ ಆದರೂ ಬೇರೆ. ಗರಿಷ್ಠ, ಈಗಿನದು, ಗೊತ್ತಿಲ್ಲದ್ದಾ ಅನ್ನುವ ಮೂರು ಕೊಡಬೇಕು. ಪ್ರತಿ ಬೈಟ್‌ಗೂ ಅಪ್‌ಡೇಟ್ ಮಾಡಿದಿರೋ, ಸಿಸ್ಟಂ ಸಿಟ್ಟಾಗುತ್ತದೆ. ಜಾಸ್ತಿ ವೇಗವಾಗಿ ಕಳಿಸಿದ ಅಪ್‌ಡೇಟ್‌ಗಳನ್ನು ಅದು ಬಿಸಾಡುತ್ತದೆ. ಗ್ರಹಚಾರಕ್ಕೆ ಕೊನೆಯ 'ಮುಗಿಯಿತು' ಅನ್ನುವುದೇ ಬಿಸಾಡಿದರಲ್ಲಿ ಸೇರಿದರೆ, ನೋಟಿಫಿಕೇಶನ್ 97%ಕ್ಕೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ಒಂದು ಸಾಕು. ಶೇಕಡಾ ಬದಲಾಗದಿದ್ದರೆ ಕಳಿಸಲೇಬೇಡಿ. 'ಒಮ್ಮೆ ಮಾತ್ರ ಎಚ್ಚರಿಸು' ಅನ್ನುವ ಫ್ಲ್ಯಾಗ್ ಹಾಕಿ, ಇಲ್ಲದಿದ್ದರೆ ಪ್ರತಿ ಅಪ್‌ಡೇಟ್‌ಗೂ ಫೋನ್ ಗುಂಯ್ ಅನ್ನುವ ಸಾಧ್ಯತೆ ಇದೆ.

ಆಂಡ್ರಾಯ್ಡ್ 12ರಿಂದ ಫೋರ್‌ಗ್ರೌಂಡ್ ಸರ್ವಿಸ್‌ನ (ಬಳಸುವವರಿಗೆ ಕಾಣುವಂತೆ ಓಡುವ ಕೆಲಸ) ನೋಟಿಫಿಕೇಶನ್ 10 ಸೆಕೆಂಡ್ ತಡವಾಗಿ ಕಾಣಬಹುದು. 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು. ಬೇಡ ಅಂದವರಿಗೆ ಕೆಲಸ ನಡೆಯುತ್ತದೆ, ಆದರೆ ನೋಟಿಫಿಕೇಶನ್ ಪಟ್ಟಿಯಲ್ಲಿ ಕಾಣುವುದಿಲ್ಲ. 14ರಿಂದ 'ತೆಗೆಯಲಾಗದ' ನೋಟಿಫಿಕೇಶನ್ ಕೂಡ ಬೆರಳಿನಿಂದ ತಳ್ಳಿದರೆ ಹೋಗುತ್ತದೆ. ಹಾಗಾಗಿ ನೋಟಿಫಿಕೇಶನ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಅಸಲಿ ಲೆಕ್ಕ ಆ್ಯಪ್ ಒಳಗೆ ಇರಲಿ.

ತೋಟದ_ಕೋಡರ್:
14ರಲ್ಲಿ ಫೋರ್‌ಗ್ರೌಂಡ್ ಸರ್ವಿಸ್‌ಗೆ ಟೈಪ್ ಹೇಳಬೇಕು ಅಂತ ಓದಿದೆ. ನಮ್ಮದು ಡೇಟಾಸಿಂಕ್ (ಡೇಟಾ ಕಳಿಸುವ, ತರುವ ಟೈಪ್) ಅಲ್ವಾ?

ಹುಬ್ಳಿ_ಹುಡುಗ:
ಹೌದು. ಆದರೆ 15ರಿಂದ ಅದಕ್ಕೂ ಕತ್ತರಿ ಬಿದ್ದಿದೆ. ಡೇಟಾಸಿಂಕ್ ಟೈಪಿಗೆ 24 ಗಂಟೆಯಲ್ಲಿ ಒಟ್ಟು 6 ಗಂಟೆ ಮಾತ್ರ. ಆಮೇಲೆ 'ಸಮಯ ಮುಗಿಯಿತು' ಅನ್ನುವ ಆನ್‌ಟೈಮೌಟ್ ಬರುತ್ತದೆ, ನಿಲ್ಲಿಸದಿದ್ದರೆ ಆ್ಯಪ್ ಬೀಳುತ್ತದೆ. 14ರಿಂದ ಯೂಸರ್ ಇನಿಶಿಯೇಟೆಡ್ ಡೇಟಾ ಟ್ರಾನ್ಸ್‌ಫರ್ ಜಾಬ್ ಅಂತ ಬೇರೆಯದೇ ಇದೆ, ಬಳಸುವವರೇ ಬಟನ್ ಒತ್ತಿ ಶುರು ಮಾಡುವ ದೊಡ್ಡ ಅಪ್‌ಲೋಡ್‌ಗಳಿಗೆ. ನಿಮ್ಮ 'ಕಳುಹಿಸಿ' ಅದಕ್ಕೆ ಹೊಂದುತ್ತದೆ. ಆದರೆ ನಿಮ್ಮ ಸಿಬ್ಬಂದಿ ಕೈಯಲ್ಲಿ ಹಳೆಯ ಫೋನ್‌ಗಳೇ ಜಾಸ್ತಿ ಇರಬೇಕು, ಎರಡು ದಾರಿ ಬರೆಯಬೇಕಾಗುತ್ತದೆ.

ತೋಟದ_ಕೋಡರ್:
ಆಂಡ್ರಾಯ್ಡ್ 10, 11 ಜಾಸ್ತಿ. ಹಾಗಾದರೆ ಸದ್ಯಕ್ಕೆ ವರ್ಕ್‌ಮ್ಯಾನೇಜರ್ ಒಂದೇ.

ಸೇಬು_ಸುಬ್ಬ:
ಐಫೋನ್ ಕಡೆ ಇಷ್ಟು ತಲೆನೋವು ಇಲ್ಲ ನೋಡಿ. ಬ್ಯಾಕ್‌ಗ್ರೌಂಡ್ ಯುಆರ್‌ಎಲ್‌ಸೆಶನ್‌ಗೆ ಫೈಲ್ ಕೊಟ್ಟರೆ ಸಿಸ್ಟಂ ತಾನೇ ಕಳಿಸುತ್ತದೆ. ಆ್ಯಪ್ ಮಲಗಿದ್ದರೂ ನಡೆಯುತ್ತದೆ.

ಹುಬ್ಳಿ_ಹುಡುಗ:
ಬಳಸುವವರು ಆ್ಯಪ್ ಸ್ವಿಚರ್‌ನಿಂದ ತಳ್ಳಿದರೆ?

ಸೇಬು_ಸುಬ್ಬ:
ಆಗ ಎಲ್ಲ ಟ್ರಾನ್ಸ್‌ಫರ್ ಕ್ಯಾನ್ಸಲ್. ಸರಿ, ಸರಿ. ಆದರೆ 2025ರ ಐಒಎಸ್ 26ರಲ್ಲಿ ಹೊಸ ಟಾಸ್ಕ್ ಬಗೆ ಬಂದಿದೆ. ಬಳಸುವವರು ಶುರು ಮಾಡಿದ ಕೆಲಸ ಆ್ಯಪ್‌ನಿಂದ ಹೊರಗೆ ಹೋದರೂ ಮುಂದುವರಿಯುತ್ತದೆ, ಪ್ರೋಗ್ರೆಸ್ ಅನ್ನು ಸಿಸ್ಟಂ ತಾನೇ ಲೈವ್ ಆ್ಯಕ್ಟಿವಿಟಿಯಾಗಿ (ಆ್ಯಪ್ ಹೊರಗೂ ಕಾಣುವ ಸ್ಥಿತಿಪಟ್ಟಿ) ತೋರಿಸುತ್ತದೆ. ಷರತ್ತು ಏನೆಂದರೆ ಪ್ರೋಗ್ರೆಸ್ ಹೇಳುತ್ತಲೇ ಇರಬೇಕು. ಮುಂದೆ ಸರಿಯದ ಟಾಸ್ಕ್ ಅನ್ನು ಸಿಸ್ಟಂ ನಿಲ್ಲಿಸಬಹುದು. ಅಂದರೆ ಅಲ್ಲಿ ಪ್ರೋಗ್ರೆಸ್ ಅಲಂಕಾರ ಅಲ್ಲ, ಬದುಕುಳಿಯುವ ದಾರಿ.

ಬಗ್_ಬಸಣ್ಣ:
ಹೊಸನಗರದ ಸರ್ವೆಗೆ ಐಫೋನ್ ಕೊಡಿಸುವ ಕ್ಲೈಂಟ್ ಇದ್ದರೆ ನನ್ನ ರೆಸ್ಯೂಮೆ ಕಳಿಸುತ್ತೇನೆ.

ಫ್ಲಟರ್_ಫಣಿ:
ನಾವು ಫ್ಲಟರ್‌ನವರು (ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್ ಬರೆಯುವವರು) ಮೂಲೆಯಲ್ಲಿ ಕೂತು ಓದುತ್ತಿದ್ದೇವೆ. ನಮ್ಮಲ್ಲಿ ಚಕ್ರ ತಿರುಗುವುದೇ ನಿಂತುಹೋಗುತ್ತದೆ. ದೊಡ್ಡ ಜೇಸನ್ (ಪಠ್ಯ ರೂಪದ ಡೇಟಾ) ಬಂದಾಗ ಪರದೆ ಒಂದು ಕ್ಷಣ ಕಲ್ಲಾಗುತ್ತದೆ. ಅಸಿಂಕ್ ಹಾಕಿದ್ದೇನೆ, ಆದರೂ.

ನಿದ್ದೆಗೆಟ್ಟವ:
ಅಸಿಂಕ್ ಹಾಕಿದ ಮಾತ್ರಕ್ಕೆ ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ಅದು ಕಾಯುವ ಕೆಲಸಕ್ಕೆ, ಲೆಕ್ಕ ಹಾಕುವ ಕೆಲಸಕ್ಕೆ ಅಲ್ಲ. ಜೇಸನ್ ಬಿಚ್ಚುವುದು ಮೇನ್ ಐಸೊಲೇಟ್‌ನಲ್ಲೇ (ಫ್ಲಟರ್‌ನಲ್ಲಿ ಮುಖ್ಯ ಥ್ರೆಡ್ ಇದ್ದ ಹಾಗೆ) ನಡೆಯುತ್ತಿದೆ, ಚಕ್ರ ಬಿಡಿಸುವುದೂ ಅಲ್ಲೇ. ಐಸೊಲೇಟ್‌.ರನ್ ಒಳಗೆ ಹಾಕಿ. ಪ್ರೋಗ್ರೆಸ್ ಬೇಕಿದ್ದರೆ ಅದು ಸಾಲದು. ಸೆಂಡ್‌ಪೋರ್ಟ್ ಮೂಲಕ ನೀವೇ ಸಂದೇಶ ಕಳಿಸಬೇಕು.

ಫ್ಲಟರ್_ಫಣಿ:
ಸರಿಹೋಯಿತು, ಧನ್ಯವಾದ.

ಧ್ವನಿ_ದಾರಿ:
ಒಂದು ವಿಷಯ ಬಿಟ್ಟುಹೋಗಿದೆ. ನಾನು ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತೇನೆ, ಕಣ್ಣು ಕಾಣುವುದಿಲ್ಲ. ಕೆಲವು ಆ್ಯಪ್‌ಗಳು ಶೇಕಡಾ ಬದಲಾದಾಗಲೆಲ್ಲ ಲೈವ್ ರೀಜನ್‌ನಿಂದ (ಬದಲಾದ ಕೂಡಲೇ ತಾನಾಗೇ ಓದುವ ಜಾಗ) ಓದಿಸುತ್ತವೆ. ಹನ್ನೊಂದು, ಹನ್ನೆರಡು, ಹದಿಮೂರು... ನಡುವೆ ನನಗೆ ಬೇರೆ ಏನನ್ನೂ ಕೇಳಲು ಆಗುವುದಿಲ್ಲ. ಇನ್ನು ಕೆಲವು ಏನೂ ಹೇಳುವುದಿಲ್ಲ, ಚಕ್ರಕ್ಕೆ ಲೇಬಲ್ ಕೂಡ ಇಲ್ಲ. ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ, ತಪ್ಪಾದರೆ ಒಮ್ಮೆ ಹೇಳಿ. ನಡುವಿನದ್ದು ನಾನು ಬೆರಳು ಇಟ್ಟಾಗ ಓದಿದರೆ ಸಾಕು.

ಯುಐ_ಉಮಾ:
ಇದನ್ನು ನಮ್ಮ ಚೆಕ್‌ಲಿಸ್ಟ್‌ಗೆ ಹಾಗೇ ಸೇರಿಸುತ್ತಿದ್ದೇನೆ.

ಕನ್ನಡದ ಪರದೆ ಮಾಡುವವರಿಗೆ ಒಂದು ಸಣ್ಣ ಮಾತು. ಪ್ರೋಗ್ರೆಸ್ ಸಾಲಿನ ಎತ್ತರವನ್ನು ಫಿಕ್ಸ್ ಮಾಡಬೇಡಿ. ಇಂಗ್ಲಿಷ್‌ಗೆ ಅಳತೆ ಮಾಡಿದ ಎತ್ತರದಲ್ಲಿ 'ಆಗುತ್ತಿದೆ' ಬರೆದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. 'ಆಗುತಿದೆ' ಅಂತ ಕಾಣುತ್ತದೆ. ಉದ್ದವೂ ಜಾಸ್ತಿ, ಎರಡು ಸಾಲಿಗೆ ಜಾಗ ಬಿಡಿ.

ಬೆಂಗ್ಳೂರ್_ಬೆಳಗು:
ಪಟಪಟ ಮಿನುಗುವ ಚಕ್ರದ ಬಗ್ಗೆಯೂ ಹೇಳಿ. ಕೆಲಸ ಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ, ಚಕ್ರ ಬಂದು ಹೋಗುತ್ತದೆ, ಏನೋ ಕೆಟ್ಟಿದೆ ಅನ್ನಿಸುತ್ತದೆ.

ಕೋಟ್ಲಿನ್_ಕಿಟ್ಟಿ:
ಆಂಡ್ರಾಯ್ಡ್‌ಎಕ್ಸ್‌ನಲ್ಲಿ ಕಂಟೆಂಟ್‌ಲೋಡಿಂಗ್‌ಪ್ರೋಗ್ರೆಸ್‌ಬಾರ್ ಇದೆ. ಅರ್ಧ ಸೆಕೆಂಡ್ ಕಾದು ಆಮೇಲೆ ಕಾಣಿಸುತ್ತದೆ, ಕಂಡ ಮೇಲೆ ಕನಿಷ್ಠ ಅರ್ಧ ಸೆಕೆಂಡ್ ಇರುತ್ತದೆ. ಪರದೆ ಕಟ್ಟುವ ಹೊಸ ಟೂಲ್‌ಕಿಟ್ ಕಂಪೋಸ್‌ನಲ್ಲಾದರೆ ಒಂದು ಡಿಲೇ ಹಾಕಿ ಅದೇ ತರ್ಕ ನೀವೇ ಬರೆಯಬಹುದು.

ಸರ್ವೆ_ಸಂಗಾತಿ:
ನನ್ನದು ಕೊನೆಯ ಪ್ರಶ್ನೆ. ಕೆಲವು ಫೋನ್‌ಗಳಲ್ಲಿ ಆ್ಯಪ್ ಮೇಲಕ್ಕೆ ತಳ್ಳಿದರೆ ಕಳಿಸುವುದು ಪೂರ್ತಿ ನಿಂತುಹೋಗುತ್ತದೆ, ಮತ್ತೆ ತೆರೆಯುವ ತನಕ. ನನ್ನ ಜೊತೆಯವರ ಫೋನ್‌ನಲ್ಲಿ ಹಾಗಾಗುವುದಿಲ್ಲ. ಯಾಕೆ?

ಹುಬ್ಳಿ_ಹುಡುಗ:
ಮೂಲ ಆಂಡ್ರಾಯ್ಡ್‌ನಲ್ಲಿ ರೀಸೆಂಟ್ಸ್‌ನಿಂದ ತಳ್ಳಿದರೆ ನಿಗದಿಯಾದ ಕೆಲಸ ಹೋಗುವುದಿಲ್ಲ. ಕೆಲವು ಕಂಪನಿಗಳು ಬ್ಯಾಟರಿ ಉಳಿಸಲು ಅದನ್ನು 'ಫೋರ್ಸ್ ಸ್ಟಾಪ್' ತರ ಮಾಡಿಬಿಟ್ಟಿವೆ. ಹಾಗಾದರೆ ಆ್ಯಪ್ ಮತ್ತೆ ತೆರೆಯುವವರೆಗೆ ಏನೂ ಓಡುವುದಿಲ್ಲ. ಕೋಡ್‌ನಿಂದ ಇದನ್ನು ಪೂರ್ತಿ ಗೆಲ್ಲಲು ಆಗದು. ಆ್ಯಪ್ ತೆರೆದ ಕೂಡಲೇ ಬಾಕಿ ಇರುವುದನ್ನು ಮತ್ತೆ ಸಾಲಿಗೆ ಹಾಕಬೇಕು, ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ ನಿರ್ಬಂಧ ತೆಗೆಯಲು ಸಿಬ್ಬಂದಿಗೆ ತೋರಿಸಿಕೊಡಬೇಕು. ಮತ್ತೆ ಪಟ್ಟಿಯಲ್ಲಿ 'ನಿಂತಿದೆ' ಅಂತ ನಿಜ ಹೇಳಬೇಕು, 'ಹೋಗುತ್ತಿದೆ' ಅಂತ ಸುಳ್ಳಲ್ಲ.

ತೋಟದ_ಕೋಡರ್:
ಎಲ್ಲರಿಗೂ ಧನ್ಯವಾದ. ಇಲ್ಲಿ ಬಂದದ್ದನ್ನು ಕ್ಲೈಂಟ್ ಮುಂದೆ ಇಟ್ಟೆ. ಅನಿಮೇಶನ್ ಬಿಟ್ಟಿದ್ದಾರೆ, ಆದರೆ ಗೆರೆ ಹಸಿರು ಬಣ್ಣದ್ದೇ ಇರಬೇಕಂತೆ.

ಈಗ ಮಾಡುತ್ತಿರುವುದು: ಒತ್ತಿದ ಕೂಡಲೇ ಪಟ್ಟಿಗೆ ವಾಪಸ್, 'ಫೋನ್‌ನಲ್ಲಿ ಉಳಿದಿದೆ, ಹೊರಡಬಹುದು' ಅಂತ ಒಂದು ಸಾಲು. ಕಳಿಸುವ ಮೊದಲು ಫೋಟೊ ಚಿಕ್ಕದು ಮಾಡಿಕೊಳ್ಳುತ್ತೇವೆ. ಫೋಟೊಗೊಂದು ವರ್ಕ್, ರೂಮ್‌ನಲ್ಲಿ ಸ್ಥಿತಿ, ಫೋನ್‌ನಲ್ಲೇ ಹುಟ್ಟುವ ಐಡಿ. ಸಾಲಿನಲ್ಲಿ '25ರಲ್ಲಿ 11' ದೊಡ್ಡದಾಗಿ, ಮಂಜ ಅವರ ಶೇಕಡಾ ಅದರ ಕೆಳಗೆ ಚಿಕ್ಕದಾಗಿ, ಈಗ ಹೋಗುತ್ತಿರುವ ಫೋಟೊಗೆ ಮಾತ್ರ. 100ಕ್ಕೆ ಬಂದ ಮೇಲೂ ಸರ್ವರ್ ಉತ್ತರ ಬರುವ ತನಕ 'ಸರ್ವರ್ ಉತ್ತರಕ್ಕೆ ಕಾಯುತ್ತಿದೆ' ಅಂತ ತೋರಿಸುತ್ತೇವೆ, ಎಣಿಕೆ ಏರಿಸುವುದಿಲ್ಲ. ತಲುಪಿದ ಮೇಲೆ ರಸೀದಿ ಸಂಖ್ಯೆ.

ಲೆಕ್ಕದ_ಮಂಜ:
ಚಿಕ್ಕದಾಗಿಯಾದರೂ ಉಳಿಯಿತಲ್ಲ. ಅಂದ ಹಾಗೆ ನಮ್ಮ ರಿಲೀಸ್ ಬಿಲ್ಡ್ 50ಕ್ಕೇ ಮುಗಿಯುತ್ತಿತ್ತು, ಬಸಣ್ಣ ಹೇಳಿದ್ದು ನಿಜ.

ನಿದ್ದೆಗೆಟ್ಟವ:
ರಸೀದಿ ಸಂಖ್ಯೆ ಫೋಟೊಗೊಂದಾ, ತೋಟಕ್ಕೊಂದಾ?

ತೋಟದ_ಕೋಡರ್:
ತೋಟಕ್ಕೊಂದು. ಎಲ್ಲ ಫೋಟೊ ಮತ್ತು ಫಾರ್ಮ್ ಸೇರಿದ ಮೇಲೆ ಸರ್ವರ್ ಕೊಡುತ್ತದೆ.

ಸರ್ವೆ_ಸಂಗಾತಿ:
ಆ ಸಂಖ್ಯೆ ಕಾಪಿ ಮಾಡುವ ಹಾಗೆ ಇಡಿ. ಗುಂಪಿಗೆ ಸ್ಕ್ರೀನ್‌ಶಾಟ್ ಹಾಕಿ ಹಾಕಿ ಫೋನ್ ಗ್ಯಾಲರಿ ತುಂಬಿಹೋಗಿದೆ.

ತೋಟದ_ಕೋಡರ್:
ಆಗಲಿ. ಪಕ್ಕದಲ್ಲೇ ಶೇರ್ ಬಟನ್ ಕೂಡ ಇಡುತ್ತೇವೆ.